ಶರದೃತುವಿನ ಮನೆಪಾಠ: ಏಳು ವಾರಗಳ ಒಂದು ಯೋಜನೆ

ಕಾವ್ಯಗಳಲ್ಲಿ ವರ್ಣಿತವಾಗಿರುವ ಶರದೃತುವಿಗೂ ನಾವು ಚೆನ್ನೈಯಲ್ಲಿ ಕಾಣುವ ಶರದೃತುವಿಗೂ ಬಹಳ ಅಂತರವುಂಟು. ಆಶ್ವಯುಜ, ಕಾರ್ತಿಕ ಮಾಸಗಳೆಂದರೆ ಮೋಡ ಕಳೆದ ಆಕಾಶ, ತಿಳಿಯಾದ ಕೊಳ, ಬೆಳ್ದಿಂಗಳು ಎಂದು ಕವಿಗಳು ಹೇಳುತ್ತಾರೆ. ಊರಿನಲ್ಲಿ ಅದು ಬಹುಮಟ್ಟಿಗೆ ನಿಜವೂ ಹೌದು. ಜೂನಿನಲ್ಲಿ ಹಿಡಿದ ಮುಂಗಾರು ಆ ವೇಳೆಗೆ ಹಿಂದೆಗೆದಿರುತ್ತದೆ. ಈ ನಗರದಲ್ಲಾದರೋ ಕೊಡೆ ಬಿಚ್ಚುವ ಕಾಲವೇ ಅದು. ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಲ್ಲಿ ಬೀಳುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಹಿಂಗಾರಿನಲ್ಲಿ.

ಇದನ್ನು ಮೊದಲಿಗೇ ಹೇಳಲು ಕಾರಣವುಂಟು. ಮಕ್ಕಳಿಗೆ ಮನೆಯಲ್ಲಿ ಕನ್ನಡ ಕಲಿಸಬೇಕೆಂಬ ಹಂಬಲವುಳ್ಳ ತಂದೆತಾಯಂದಿರು ಊರಿನಿಂದ ಪಠ್ಯಪುಸ್ತಕ ತರಿಸಿ, ಮೊದಲನೆಯ ಪುಟದಿಂದ ಕ್ರಮವಾಗಿ ಓದಿಸತೊಡಗುತ್ತಾರೆ. ಮಳೆಯ ಪಾಠ ಬರುವಾಗ ಹೊರಗೆ ಸುಡುಬಿಸಿಲು. ನಿಜವಾಗಿ ಮಳೆ ಹೊಯ್ಯುವಾಗ ಪುಸ್ತಕದಲ್ಲಿ ಬೇರಾವುದೋ ಪಾಠ. ಕನ್ನಡವೆಂಬುದು ತನ್ನ ಕಣ್ಣೆದುರಿನ ಲೋಕಕ್ಕೆ ಸಂಬಂಧಪಡದ, ರಜೆಯಲ್ಲಿ ಮಾತ್ರ ಹೋಗಿ ನೋಡುವ ಊರಿನ ವಸ್ತುವೆಂದು ಮಗು ತಿಳಿಯುತ್ತದೆ. ಪಾಠವನ್ನು ಪುಸ್ತಕದಿಂದಲ್ಲ, ಕಿಟಕಿಯಿಂದ ತೊಡಗಬೇಕೆಂಬುದು ನಮ್ಮ ಅಭಿಪ್ರಾಯ.

ಮನೆಯ ಹೊಣೆ

ತಮಿಳುನಾಡಿನಲ್ಲಿ 2006ರಲ್ಲಿ ಆದ ಶಾಸನದಂತೆ ಶಾಲೆಗಳಲ್ಲಿ ಮೊದಲನೆಯ ಭಾಗ ತಮಿಳು, ಎರಡನೆಯದು ಇಂಗ್ಲಿಷ್, ಮೂರನೆಯದು ಉಳಿದ ವಿಷಯಗಳು. ಬೇರೆ ಮಾತೃಭಾಷೆಯವರಿಗೆ ತಮ್ಮ ನುಡಿಯನ್ನು ನಾಲ್ಕನೆಯ ಭಾಗವಾಗಿ, ಐಚ್ಛಿಕವಾಗಿ ಕಲಿಯಲು ಅವಕಾಶವಿದೆ. ಇರುವ ನಾಡಿನ ಭಾಷೆಯನ್ನು ಕಲಿಯುವುದು ನ್ಯಾಯವೇ. ಅದರಿಂದ ಮಕ್ಕಳಿಗೆ ಲಾಭವೇ ಹೊರತು ನಷ್ಟವಿಲ್ಲ. ಆದರೆ ಐಚ್ಛಿಕವೆಂಬ ಪದದ ಅರ್ಥ, ಇಚ್ಛೆಪಡುವವರು ಇರಬೇಕು ಎಂದೇ ಅಲ್ಲವೆ? ಕಲಿಸುವ ಶಾಲೆ ಸಮೀಪದಲ್ಲಿಲ್ಲದವರಿಗೆ ಆ ಇಚ್ಛೆಯನ್ನು ಮನೆಯಲ್ಲಿಯೇ ನೆರವೇರಿಸಿಕೊಳ್ಳದೆ ಗತ್ಯಂತರವಿಲ್ಲ. ಶಾಲೆಗೆ ಹೋಗದೆ ಮನೆಯಲ್ಲಿಯೇ ಓದುವ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಯಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಆರಿಸಿಕೊಳ್ಳುವ ಅನುಕೂಲವೂ ಇದೆ.

ನಮ್ಮ ಮಕ್ಕಳು ಕನ್ನಡವನ್ನು ಆಡಬಲ್ಲರು. ತುಳು, ಕೊಂಕಣಿ ಮನೆಮಾತಾಗಿರುವ ಕುಟುಂಬಗಳ ಮಕ್ಕಳು ಅದನ್ನೂ ಆಡಬಲ್ಲರು. ಕಡಿದುಹೋಗುತ್ತಿರುವುದು ಓದುಬರಹದ ನೂಲು. ದೂರವಾಣಿಯಲ್ಲಿ ಅಜ್ಜಿಯೊಡನೆ ಹರಟುವ ಮೊಮ್ಮಗಳು ಅದೇ ಅಜ್ಜಿ ಬರೆದ ನಾಲ್ಕು ಸಾಲನ್ನು ಓದಲಾರಳು. ಒಂದು ತಲೆಮಾರಿನಲ್ಲಿ ಅಕ್ಷರ ಹೋದರೆ ಮುಂದಿನ ತಲೆಮಾರಿನಲ್ಲಿ ಮಾತೂ ಹೋಗುವುದೆಂಬುದಕ್ಕೆ ನಮ್ಮ ನೆರೆಹೊರೆಯಲ್ಲಿಯೇ ದೃಷ್ಟಾಂತಗಳುಂಟು.

ಹಿರಿಯರು ತೋರಿದ ದಾರಿ

ಋತುವನ್ನು ಪಾಠವಾಗಿಸುವುದು ಹೊಸ ಸಂಗತಿಯಲ್ಲ. 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದ ರವೀಂದ್ರನಾಥ ಠಾಕೂರರು ಮರಗಳ ನೆರಳಿನಲ್ಲಿ ತರಗತಿ ನಡೆಸಿದರು. 1908ರಲ್ಲಿ ಶರತ್ಕಾಲವನ್ನೇ ವಸ್ತುವಾಗಿಸಿ ‘ಶಾರದೋತ್ಸವ’ವೆಂಬ ನಾಟಕವನ್ನು ಬರೆದರು. ನಮ್ಮವರೇ ಆದ ಕೋಟ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ಕೈಗೊಂಡರು; ಮಕ್ಕಳಿಗಾಗಿ ‘ಬಾಲ ಪ್ರಪಂಚ’ವೆಂಬ ವಿಶ್ವಕೋಶವನ್ನು ರಚಿಸಿದರು. ಪುತ್ತೂರು ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದಿತು.

ಸಮೀಪದ ನಿದರ್ಶನವೂ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಆಂಧ್ರದ ಋಷಿವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದು ‘ನಲಿ–ಕಲಿ’ ಎಂಬ ಕ್ರಮ ಆರಂಭವಾಯಿತು. ಅದೇ ಮೂಲದಿಂದ ಹೊರಟ ಚಟುವಟಿಕೆಯ ಪಾಠಕ್ರಮವನ್ನು ಚೆನ್ನೈ ನಗರಪಾಲಿಕೆಯ ಶಾಲೆಗಳು 2003ರಲ್ಲಿ ಕೈಗೊಂಡವು. ಚೀಟಿ, ಚಿತ್ರ, ಆಟ, ಹಾಡು ಇವುಗಳಿಂದ ಮಗು ತನ್ನ ವೇಗದಲ್ಲಿ ಕಲಿಯುವುದೇ ಇದರ ತಿರುಳು. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ತಾಳ್ಮೆ.

ಏಳು ವಾರಗಳು

ವಿಜಯದಶಮಿಯಿಂದ ಕಾರ್ತಿಕದ ಅಮಾವಾಸ್ಯೆಗೆ ಸರಿಯಾಗಿ ಏಳು ವಾರಗಳಾಗುತ್ತವೆ. ವಾರಕ್ಕೊಂದು ವಿಷಯವನ್ನಿಟ್ಟುಕೊಂಡು ದಿನಕ್ಕೆ ಅರ್ಧ ಗಂಟೆ ಮೀಸಲಿಟ್ಟರೆ ಸಾಕು. ಅದಕ್ಕೆ ಮುಂಚಿನ ನವರಾತ್ರಿಯ ದಿನಗಳು ಸಿದ್ಧತೆಗೆ. ಇಲ್ಲಿಯ ಮನೆಗಳ ಕೊಲು, ಮೈಸೂರು ಸೀಮೆಯ ಗೊಂಬೆ ಹಬ್ಬ ಎರಡೂ ಒಂದೇ ಬಳ್ಳಿಯ ಹೂಗಳು. ಮೆಟ್ಟಿಲ ಮೇಲಿನ ಒಂದೊಂದು ಗೊಂಬೆಯ ಹೆಸರನ್ನೂ ಕನ್ನಡದಲ್ಲಿ ಚೀಟಿಯ ಮೇಲೆ ಬರೆದು ಅದರ ಮುಂದಿಡಿರಿ. ಓದಲು ಬಾರದ ಮಗುವೂ ಒಂಬತ್ತು ದಿನ ನೋಡಿ ನೋಡಿ ಪಟ್ಟದ ಗೊಂಬೆಯ ಚೀಟಿಯನ್ನು ಗುರುತಿಸಬಲ್ಲುದು.

ಮೊದಲನೆಯ ವಾರ ಅಕ್ಕಿಯದು. ವಿಜಯದಶಮಿಯಂದು ಹರಿವಾಣದ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಯಿಸುವ ಅಕ್ಷರಾಭ್ಯಾಸ ನಮಗೂ ಇಲ್ಲಿಯವರಿಗೂ ಸಮಾನವಾದ ಸಂಪ್ರದಾಯ. ಆ ಅಕ್ಕಿಯಿಂದಲೇ ಭತ್ತ, ಕದಿರು, ಗದ್ದೆ, ಕಣಜ ಎಂಬ ಪದಗಳಿಗೆ ಸಾಗಬಹುದು. ತುಳುನಾಡಿನ ಮನೆಗಳಲ್ಲಿ ಹೊಸ ಕದಿರನ್ನು ತಂದು ಕಟ್ಟುವುದನ್ನೂ ಹೊಸ ಅಕ್ಕಿಯ ಊಟವನ್ನೂ ತಂದೆ ಬಣ್ಣಿಸಲಿ. ಹೋಟೆಲಿನಲ್ಲಿ ದುಡಿಯುವ ತಂದೆಗೆ ದೋಸೆಯ ಅಕ್ಕಿ, ಊಟದ ಅಕ್ಕಿ, ಕುಚ್ಚಲಕ್ಕಿಗಳ ಭೇದವನ್ನು ಹೇಳಿಕೊಡಲು ಯಾವ ಪುಸ್ತಕವೂ ಬೇಡ. ಮೂರು ಹಿಡಿ ಅಕ್ಕಿ ಸಾಕು.

ಎರಡನೆಯ ವಾರ ಮಳೆಯದು. ನೇರ ಗೋಡೆಯ ಒಂದು ಪಾತ್ರೆಯನ್ನು ಮಾಳಿಗೆಯ ಮೇಲೆ ಬಯಲಿನಲ್ಲಿಟ್ಟು, ಪ್ರತಿದಿನ ಒಂದೇ ವೇಳೆಗೆ ಅಳತೆಪಟ್ಟಿಯಿಂದ ನೀರಿನ ಎತ್ತರವನ್ನಳೆದು, ಮಿಲಿಮೀಟರಿನಲ್ಲಿ ಬರೆದಿಡಲಿ; ಅಳೆದ ಮೇಲೆ ನೀರನ್ನು ಚೆಲ್ಲಲಿ. ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ ಎಂಬ ಮಳೆಗಳ ಹೆಸರನ್ನು ನಮ್ಮ ರೈತರು ಹೇಗೆ ಎಣಿಸುತ್ತಾರೆ, ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಸುಮಾರು ಹದಿಮೂರು ಹದಿನಾಲ್ಕು ದಿನ ಇರುವನೆಂಬ ಲೆಕ್ಕವೇನು ಎಂಬುದನ್ನು ದೊಡ್ಡ ಮಕ್ಕಳಿಗೆ ತಿಳಿಸಬಹುದು. ಮಳೆಯ ರಜೆ ಘೋಷಣೆಯಾದ ದಿನವಂತೂ ಪಾಠಕ್ಕೆ ತಾನಾಗಿ ಒದಗಿದ ಸುಮುಹೂರ್ತ.

ಇದೇ ವಾರದಲ್ಲಿ ತಮಿಳನ್ನು ಏಣಿಯಾಗಿ ಬಳಸಿಕೊಳ್ಳಬೇಕು. ಮಗು ಶಾಲೆಯಲ್ಲಿ ಪಾಲ್, ಪುಲಿ, ಪೂ, ಪಲ್ ಎಂದು ಕಲಿತಿದೆ; ಮನೆಯಲ್ಲಿ ಅವು ಹಾಲು, ಹುಲಿ, ಹೂ, ಹಲ್ಲು. ವೇರ್ ಎಂದರೆ ಬೇರು, ವಿರಲ್ ಎಂದರೆ ಬೆರಳು, ವೆಲ್ಲಂ ಎಂದರೆ ಬೆಲ್ಲ. ಅಲ್ಲಿಯ ಪಕಾರ ಇಲ್ಲಿ ಹಕಾರ, ಅಲ್ಲಿಯ ವಕಾರ ಇಲ್ಲಿ ಬಕಾರವೆಂಬ ಗುಟ್ಟನ್ನು ಮಗು ತಾನೇ ಕಂಡುಹಿಡಿಯುವಂತೆ ಜೋಡಿ ಪದಗಳ ಆಟವಾಡಿಸಿರಿ. ಹಳಗನ್ನಡದಲ್ಲಿ ನಾವೂ ಪಾಲ್, ಪೂ ಎಂದೇ ಬರೆಯುತ್ತಿದ್ದೆವು. ಮಳೆ ಎಂಬ ಪದವನ್ನು ಪೂರ್ವಕವಿಗಳು ‘ಮೞೆ’ ಎಂದು ಬರೆದರು. ಆ ೞಕಾರವನ್ನು ಕನ್ನಡವು ಶತಮಾನಗಳ ಹಿಂದೆಯೇ ಕಳೆದುಕೊಂಡಿತು. ಆದರೆ ಚೆನ್ನೈಯ ಶಾಲೆಯಲ್ಲಿ ಓದುವ ನಮ್ಮ ಮಗು ಅದನ್ನು ತಮಿಳಿನಲ್ಲಿ ದಿನವೂ ಕೇಳುತ್ತದೆ. ಊರಿನ ಮಕ್ಕಳಿಗಿಲ್ಲದ ಸೌಲಭ್ಯವಿದು. ತಮಿಳು ಬಂದುದರಿಂದ ಕನ್ನಡ ಕೆಟ್ಟಿತೆಂದು ಮಗುವನ್ನು ಗದರಿಸುವವರು ಇದನ್ನು ಲಕ್ಷಿಸಬೇಕು.

ಮೂರನೆಯ ವಾರ ದೀಪಾವಳಿ. ಇಲ್ಲಿ ಹಬ್ಬ ಮುಖ್ಯವಾಗಿ ನರಕಚತುರ್ದಶಿಯ ಒಂದು ಮುಂಜಾನೆಯದು. ನಮ್ಮಲ್ಲಿ ನೀರು ತುಂಬುವ ಸಂಜೆಯಿಂದ ಬಲಿಪಾಡ್ಯಮಿಯವರೆಗೆ ಹಬ್ಬಿದ್ದು. ಕರಾವಳಿಯವರು ಗದ್ದೆಯಲ್ಲಿ ದೀಪವಿಟ್ಟು ಬಲೀಂದ್ರನನ್ನು ಕರೆಯುವುದು, ಮಲೆನಾಡಿನವರು ಗೋಪೂಜೆ ಮಾಡುವುದು, ಉತ್ತರ ಕರ್ನಾಟಕದವರು ಸಗಣಿಯಿಂದ ಹಟ್ಟಿಲಕ್ಕವ್ವನನ್ನು ಮಾಡಿಡುವುದು, ಹೀಗೆ ಒಂದೇ ಹಬ್ಬಕ್ಕೆ ಹಲವು ಮುಖ. ಮಗು ಮೂರು ಮನೆಯ ಹಿರಿಯರನ್ನು ವಿಚಾರಿಸಿ, ಅವರವರ ಊರಿನ ದೀಪಾವಳಿಯ ಬಗೆಗೆ ಮೂರು ಮೂರು ವಾಕ್ಯ ಬರೆಯಲಿ.

ನಾಲ್ಕನೆಯ ವಾರ ನಾಡಿನದು. ನವೆಂಬರ್ 1 ಬೇರೆ ವಾರದಲ್ಲಿ ಬಂದರೆ ಅದಕ್ಕೆ ಹೊಂದಿಸಿಕೊಳ್ಳಬಹುದು. ಭೂಪಟವನ್ನು ಹಾಸಿ ಅಜ್ಜನ ಊರನ್ನು ಬೆರಳಿಟ್ಟು ತೋರಿಸಿರಿ. ಬಳ್ಳಾರಿಯು 1953ರ ಅಕ್ಟೋಬರ್ 1ರವರೆಗೆ, ದಕ್ಷಿಣ ಕನ್ನಡ ಜಿಲ್ಲೆಯೂ ಕೊಳ್ಳೇಗಾಲವೂ 1956ರ ನವೆಂಬರ್ 1ರವರೆಗೆ ಮದ್ರಾಸಿಗೇ ಸೇರಿದ್ದವು; ಆ ದಿನ ಕಾಸರಗೋಡು ಕೇರಳದ ಪಾಲಾಯಿತು. ವಿಶಾಲ ಮೈಸೂರು ಕರ್ನಾಟಕವೆಂಬ ಹೆಸರನ್ನು ತಳೆದುದು 1973ರ ನವೆಂಬರ್ 1ರಂದು. ಉಡುಪಿಯ ಕಡೆಯಿಂದ ಬಂದು ಇಲ್ಲಿ ಹೋಟೆಲು ತೆರೆದ ವುಡ್‌ಲ್ಯಾಂಡ್ಸ್ ಕೃಷ್ಣರಾಯರಂಥವರಿಗೆ ಮದ್ರಾಸು ಪರದೇಶವಾಗಿರಲಿಲ್ಲ, ತಮ್ಮ ಜಿಲ್ಲೆಯ ರಾಜಧಾನಿಯಾಗಿದ್ದಿತು. ನಾವಿಲ್ಲಿ ಅತಿಥಿಗಳಲ್ಲವೆಂಬ ಅರಿವು ಮಗುವಿಗೆ ಈ ಪಾಠದಿಂದ ಬರಬೇಕು.

ಐದನೆಯ ವಾರ ಕೆರೆ ಮತ್ತು ಹಕ್ಕಿ. ಹಿಂಗಾರಿನ ದಿನಗಳಲ್ಲಿ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕಂ ಕೆರೆಗಳ ನೀರಿನ ಮಟ್ಟ ವೃತ್ತಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಚೆಂಬರಂಬಾಕಂ ಕೆರೆಯ ಪೂರ್ಣ ಮಟ್ಟ 24 ಅಡಿ. ಇಂದು ಎಷ್ಟಿದೆ, ತುಂಬಲು ಇನ್ನೆಷ್ಟು ಬೇಕು ಎಂಬ ಕಳೆಯುವ ಲೆಕ್ಕವನ್ನು ಕನ್ನಡದ ಅಂಕಿಗಳಲ್ಲಿ ಮಾಡಲಿ. 2015ರ ಡಿಸೆಂಬರಿನ ಮಹಾಪೂರದಲ್ಲಿ ಅಡ್ಯಾರು ನದಿ ಉಕ್ಕಿ ನಗರ ಪಟ್ಟ ಪಾಡನ್ನು ಕಂಡವರು ಮನೆಮನೆಯಲ್ಲಿದ್ದಾರೆ. ಅವರ ಬಾಯಿಂದಲೇ ಕೇಳಿ ಬರೆಯಲಿ. ಸಾಧ್ಯವಿದ್ದವರು ಮಳೆ ಬಿಟ್ಟ ಒಂದು ಭಾನುವಾರ ವೇಡಂತಾಂಗಲಿಗೆ ಹೋಗಿಬರಬಹುದು. ಹಿಕ್ಕೆಯಿಂದ ಕೆರೆಯ ನೀರು ಗದ್ದೆಗೆ ಗೊಬ್ಬರವಾಗುವುದೆಂದು ಅರಿತ ಅಲ್ಲಿಯ ರೈತರು ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಹಕ್ಕಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಅಷ್ಟು ದೂರ ಹೋಗಲಾರದವರಿಗೆ ಪಳ್ಳಿಕರಣೈ ಜೌಗು ಸಮೀಪದಲ್ಲಿಯೇ ಇದೆ.

ಆರನೆಯ ವಾರದಲ್ಲಿ ಕನಕಜಯಂತಿ ಬರುತ್ತದೆ. ಕನಕದಾಸರ ‘ರಾಮಧಾನ್ಯಚರಿತೆ’ಯ ಕಥೆ ಹೋಟೆಲಿಗರ ಮನೆಗೆ ಹೇಳಿಮಾಡಿಸಿದಂತಿದೆ. ಅಕ್ಕಿಗೂ ನರೆದಲೆಗವೆಂಬ ರಾಗಿಗೂ ತಾನು ಮೇಲು ತಾನು ಮೇಲು ಎಂದು ಜಗಳವಾಗಿ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ, ಕೆಡದೆ ಉಳಿದುದು ರಾಗಿ. ಮೇಲು ಕೀಳೆಂಬ ಭಾವನೆಯನ್ನು ಅಲ್ಲಗಳೆದ ಈ ಕಥೆಯನ್ನು ಇಬ್ಬರು ಮಕ್ಕಳು ಅಕ್ಕಿ, ರಾಗಿಗಳಾಗಿ ನಿಂತು ಸಂಭಾಷಣೆಯಂತೆ ಆಡಲಿ. ಎರಡು ಶೀಶೆಗಳಲ್ಲಿ ಅಕ್ಕಿಯನ್ನೂ ರಾಗಿಯನ್ನೂ ತುಂಬಿ ತಿಂಗಳುಗಟ್ಟಲೆ ಇಟ್ಟು, ಹುಳು ಯಾವುದಕ್ಕೆ ಮೊದಲು ಹಿಡಿಯುವುದೆಂದು ತಾವೇ ಪರೀಕ್ಷಿಸಲಿ.

ಏಳನೆಯ ವಾರ ಪತ್ರ. ಆರು ವಾರಗಳಲ್ಲಿ ಕಲಿತುದೆಲ್ಲ ಒಂದು ಅಂಚೆ ಕಾರ್ಡಿನಲ್ಲಿ ಸೇರಬೇಕು. ಎಷ್ಟು ಮಳೆಯಾಯಿತು, ಯಾವ ಹಕ್ಕಿಯನ್ನು ಕಂಡೆ, ದೀಪಾವಳಿಗೆ ಏನು ತಿಂದೆ ಎಂದು ಅಜ್ಜಿಗೋ ಅಜ್ಜನಿಗೋ ಮಗು ತಾನೇ ಬರೆಯಲಿ. ತಪ್ಪುಗಳಿದ್ದರೆ ಇರಲಿ, ತಿದ್ದಿ ಅಂದಗೊಳಿಸಿದ ಪತ್ರಕ್ಕಿಂತ ಮಗುವಿನ ಕೈಯ ಒತ್ತು ಕೊಂಬು ತಪ್ಪಿದ ಪತ್ರವೇ ಅಜ್ಜಿಗೆ ಪ್ರಿಯ.

ವೇಳೆಯ ಮಾತು

ಇಷ್ಟಕ್ಕೆಲ್ಲ ವೇಳೆಯೆಲ್ಲಿ ಎಂಬ ಪ್ರಶ್ನೆ ನ್ಯಾಯವಾದುದೇ. ನಸುಕಿನಲ್ಲಿ ಒಲೆ ಹೊತ್ತಿಸಿ ರಾತ್ರಿ ಬಾಗಿಲು ಹಾಕುವವರಿಗೂ, ಕಚೇರಿಯಿಂದ ರೈಲುಬಂಡಿಯಲ್ಲಿ ನಿಂತೇ ಮನೆ ಸೇರುವ ಗುಮಾಸ್ತರಿಗೂ ಮಕ್ಕಳ ಮುಖ ನೋಡಲು ಸಿಗುವುದೇ ಸ್ವಲ್ಪ ಹೊತ್ತು. ಆದುದರಿಂದ ಒಬ್ಬರ ಮೇಲೆಯೇ ಭಾರ ಹೊರಿಸಬಾರದು. ಒಂದೇ ಬೀದಿಯ ಮೂರು ನಾಲ್ಕು ಕುಟುಂಬಗಳು ಸೇರಿ ವಾರದ ಸರದಿ ಮಾಡಿಕೊಂಡರೆ, ಯಾರದೋ ವಾರದ ರಜೆ ಯಾರದೋ ಮಕ್ಕಳಿಗೆ ಪಾಠವಾಗುತ್ತದೆ. ತಾಯಂದಿರು ಅಡಿಗೆಮನೆಯಲ್ಲಿ ಡಬ್ಬಿಗಳಿಗೆ ಕನ್ನಡದ ಚೀಟಿ ಅಂಟಿಸಲಿ. ತೊಗರಿಯನ್ನು ತರಲು ಹೋದ ಮಗು ಮೂರಕ್ಷರ ಓದಿಯೇ ತರಬೇಕಾಗುತ್ತದೆ. ಊರಿನಲ್ಲಿ ಸಂಸಾರವನ್ನು ಬಿಟ್ಟು ಒಂಟಿಯಾಗಿರುವ ಕಾರ್ಮಿಕರು ಇಂಥ ಮಕ್ಕಳಿಗೆ ಕಥೆ ಹೇಳುವ ಚಿಕ್ಕಪ್ಪಂದಿರಾಗಬಹುದು. ಅದರಿಂದ ಅವರ ಮನಸ್ಸಿಗೂ ನೆಮ್ಮದಿಯುಂಟು.

ಏಳು ವಾರಗಳಲ್ಲಿ ಮಗು ಪಂಡಿತನಾಗುವುದಿಲ್ಲ. ಆದರೆ ಅಕ್ಷರಗಳ ಭಯ ಕಳೆಯುತ್ತದೆ. ಮಳೆಗೂ ಕೆರೆಗೂ ತಟ್ಟೆಯಲ್ಲಿನ ಅನ್ನಕ್ಕೂ ಕನ್ನಡದಲ್ಲಿ ಹೆಸರುಂಟು, ಆ ಹೆಸರನ್ನು ತಾನು ಬರೆಯಬಲ್ಲೆ ಎಂಬ ಧೈರ್ಯ ಬರುತ್ತದೆ. ಈ ನವರಾತ್ರಿಗೆ ಅಕ್ಕಿಯ ಹರಿವಾಣದೊಡನೆ ಒಂದು ಹೊಸ ನೋಟುಪುಸ್ತಕವನ್ನೂ ಒಂದು ಅಂಚೆ ಕಾರ್ಡನ್ನೂ ಪೂಜೆಗಿಡುವಿರೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.