ಮೆಂತ್ಯ ಬೆರೆಸಿದರೆ ರಟ್ಟಿನ ಗೋಡೆ ಅಲಂಕಾರಕ್ಕೆ ಹುಳ ಹಿಡಿಯುವುದಿಲ್ಲವೇ?

ಹಳೆಯ ಪೇಪರ್, ಪಾರ್ಸೆಲ್ ಬಂದ ರಟ್ಟಿನ ಡಬ್ಬ, ಮೊಟ್ಟೆಯ ಟ್ರೇ ಬಳಸಿ ಗೋಡೆಗೆ ತೂಗುಹಾಕುವ ಅಲಂಕಾರ ಮಾಡುವ ವಿಡಿಯೊಗಳು ನಿಮ್ಮ ಫೋನಿಗೂ ಬಂದಿರಬಹುದು. ಅವುಗಳ ಜೊತೆ ಎರಡು ಸಲಹೆಗಳೂ ಓಡಾಡುತ್ತವೆ. ಒಂದು, ಮೆಂತ್ಯ ರುಬ್ಬಿ ಹಾಕಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಎರಡು, ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿದರೆ ಬೂಷ್ಟು ಬರುವುದಿಲ್ಲ. ಮೊದಲನೆಯದು ಅರ್ಧ ನಿಜ. ಎರಡನೆಯದು ಮಕ್ಕಳಿರುವ ಮನೆಗೆ ಅಪಾಯ. ಏಕೆ ಎಂದು ನೋಡೋಣ.

ಮೆಂತ್ಯದ ಕೆಲಸವೇನು?

ಬಿದಿರಿನ ಮೊರ, ಬುಟ್ಟಿಗಳ ಸಂದು ಮುಚ್ಚಲು ನೆನೆಸಿದ ಕಾಗದ ಮತ್ತು ಮೆಂತ್ಯ ರುಬ್ಬಿ ಬಳಿಯುವುದನ್ನು ನಮ್ಮ ಅಜ್ಜಿಯರು ಬಲ್ಲರು. ಮೆಂತ್ಯದಲ್ಲಿ ಗ್ಯಾಲಕ್ಟೊಮನ್ನನ್ ಎಂಬ ಲೋಳೆಯಂಥ ಅಂಶವಿದೆ. ಅದು ನೀರು ಹೀರಿ ಉಬ್ಬುತ್ತದೆ, ಒಣಗುವಾಗ ಕಾಗದದ ನಾರುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಅಂದರೆ ಮೆಂತ್ಯ ಒಳ್ಳೆಯ ಅಂಟು. ಇಷ್ಟು ನಿಜ.

ಆದರೆ ಗೆದ್ದಲಿಗೆ ಬೇಕಾದದ್ದು ಕಾಗದದಲ್ಲಿರುವ ಸೆಲ್ಯುಲೋಸ್. ಹಳೆಯ ಪುಸ್ತಕಗಳಲ್ಲಿ ಕಾಣುವ ಬೆಳ್ಳಿ ಬಣ್ಣದ ಸಿಲ್ವರ್‌ಫಿಶ್ ಹುಳಕ್ಕೆ ಅಂಟಿನ ಪಿಷ್ಟವೂ ಇಷ್ಟ. ತೇವ ಉಳಿದರೆ ಬೂಷ್ಟಿಗೆ ಮೆಂತ್ಯವೂ ಆಹಾರವೇ. ಆದ್ದರಿಂದ ಮೆಂತ್ಯವನ್ನು ನಂಬಿ ತೇವದ ಗೋಡೆಗೆ ತೂಗುಹಾಕಬೇಡಿ. ಕಾಗದವನ್ನು ನಿಜವಾಗಿ ಕಾಯುವುದು ಒಣ ವಾತಾವರಣ.

ಮೈಲುತುತ್ತ ಏಕೆ ಬೇಡ?

ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣದಲ್ಲಿ ಸುಣ್ಣದ ಜೊತೆ ಇರುವುದು ಇದೇ. ಶಿಲೀಂಧ್ರವನ್ನು ತಡೆಯುವುದು ನಿಜ. ಆದರೆ ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆ ಉರಿ ತರುತ್ತದೆ. ಪ್ರಮಾಣ ಹೆಚ್ಚಾದರೆ ಯಕೃತ್ತು, ಮೂತ್ರಪಿಂಡಗಳಿಗೂ ಹಾನಿ. ಹೊಳೆಯುವ ನೀಲಿ ಹರಳು ಮಕ್ಕಳನ್ನು ಸೆಳೆಯುತ್ತದೆ. ಅಂಟನ್ನು ನಾವು ಕಲಸುವುದೂ ಅಡುಗೆಮನೆಯ ಪಾತ್ರೆಯಲ್ಲೇ. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಲು ಹೋಗಬೇಡಿ. ಪೊಟ್ಟಣದ ಸಮೇತ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಯಾವ ಕಾಗದ ಬಳಸಬಹುದು?

ದಿನಪತ್ರಿಕೆ, ಹಳೆಯ ನೋಟ್‌ಬುಕ್, ರಟ್ಟು ಎಲ್ಲವೂ ಸರಿ. ಮೊಟ್ಟೆಯ ಟ್ರೇ ಕಾಗದದ ತಿರುಳಿನಿಂದಲೇ ಮಾಡಿದ್ದು, ಬೇಗ ನೆನೆಯುತ್ತದೆ. ಅಂಗಡಿ ಬಿಲ್, ಎಟಿಎಂ ಚೀಟಿ ಮಾತ್ರ ಬೇಡ. ಇವು ಬಹುತೇಕ ಥರ್ಮಲ್ ಕಾಗದ, ಮೇಲಿನ ಲೇಪದಲ್ಲಿ ಬಿಸ್ಫೀನಾಲ್ ರಾಸಾಯನಿಕ ಇರಬಹುದು. ಉಗುರಿನಿಂದ ಗೀರಿ ನೋಡಿ. ಕಪ್ಪು ಗೆರೆ ಮೂಡಿದರೆ ಅದು ಥರ್ಮಲ್ ಕಾಗದ.

ಇದೇ ತಿರುಳಿನಿಂದ ತಿಂಡಿ ತಟ್ಟೆ, ಹಣ್ಣಿನ ಬಟ್ಟಲು ಮಾಡುವುದೂ ಬೇಡ. ಪತ್ರಿಕೆಯ ಶಾಯಿ ಆಹಾರಕ್ಕೆ ಸೇರಬಹುದೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಗೋಡೆಯ ಅಲಂಕಾರಕ್ಕೆ ಆ ಚಿಂತೆಯಿಲ್ಲ.

ಮಾಡುವುದು ಹೀಗೆ

1. ಕಾಗದವನ್ನು ಚೂರು ಮಾಡಿ ರಾತ್ರಿಯಿಡೀ ನೆನೆಸಿ, ಕಿವುಚಿ, ನೀರು ಹಿಂಡಿ ತೆಗೆಯಿರಿ.

2. ಒಂದು ಲೋಟ ಮೈದಾವನ್ನು ನಾಲ್ಕೈದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕೈಬಿಡದೆ ಕಾಯಿಸಿ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಪಿಷ್ಟದ ಕಣಗಳು ಉಬ್ಬಿ ಅಂಟಾಗುತ್ತವೆ. ಬರೀ ಹಸಿ ಹಿಟ್ಟು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ.

3. ರಟ್ಟನ್ನು ಹೂವು, ನವಿಲು, ಎಲೆ, ಬೇಕಾದ ಆಕಾರಕ್ಕೆ ಕತ್ತರಿಸಿ. ಮುಂದೆ ಮಾತ್ರ ಅಂಟು ಬಳಿದರೆ ಅದು ಸೊಟ್ಟಗಾಗುತ್ತದೆ, ಏಕೆಂದರೆ ಒದ್ದೆಯಾದ ಬದಿಯ ನಾರು ಉಬ್ಬಿ, ಒಣಗುವಾಗ ಕುಗ್ಗಿ ರಟ್ಟನ್ನು ಎಳೆಯುತ್ತದೆ. ಹಿಂಬದಿಗೂ ಒಂದು ಪದರ ಕಾಗದ ಅಂಟಿಸಿದರೆ ಎರಡೂ ಕಡೆಯ ಎಳೆತ ಸರಿಹೋಗುತ್ತದೆ.

4. ತಿರುಳಿಗೆ ಅಂಟು ಕಲಸಿ ತೆಳುವಾಗಿ ಮೆತ್ತಿ. ದಪ್ಪ ಬೇಕಾದರೆ ಮೊದಲ ಪದರ ಪೂರ್ತಿ ಒಣಗಲಿ. ಒಳಗೆ ಉಳಿದ ತೇವವೇ ಮುಂದೆ ಬೂಷ್ಟಾಗುತ್ತದೆ.

5. ಬಿಸಿಲಲ್ಲಿ ಒಣಗಿಸಿ, ಬಣ್ಣ ಹಚ್ಚಿ, ಕೊನೆಗೆ ಎಲ್ಲ ಕಡೆಗೂ ವಾರ್ನಿಷ್ ಬಳಿಯಿರಿ.

ಎಲ್ಲಿ ತೂಗುಹಾಕಬೇಕು?

ಬಚ್ಚಲಿಗೆ ತಾಗಿದ ಗೋಡೆ, ಮಳೆಗಾಲದಲ್ಲಿ ಒಸರುವ ಗೋಡೆ ಬೇಡ. ಕರಾವಳಿ, ಮಲೆನಾಡಿನವರು ಆಗಾಗ ತೆಗೆದು ಹಿಂಬದಿ ನೋಡುತ್ತಿರಿ. ದೇವರ ದೀಪ, ಒಲೆ, ಬಿಸಿಯಾಗುವ ಬಲ್ಬುಗಳಿಂದ ದೂರವಿರಲಿ. ಬಣ್ಣ ಎಷ್ಟೇ ಚೆನ್ನಾಗಿದ್ದರೂ ಒಳಗಿರುವುದು ಕಾಗದ, ಬೆಂಕಿ ಬೇಗ ಹತ್ತುತ್ತದೆ.

ಹಾಗಾಗಿ ಅಲಂಕಾರದ ವಿಡಿಯೊವನ್ನು ಧಾರಾಳವಾಗಿ ಹಂಚಿಕೊಳ್ಳಿ, ಮಕ್ಕಳನ್ನೂ ಜೊತೆ ಕೂರಿಸಿಕೊಂಡು ಮಾಡಿ. ಅದರಲ್ಲಿ ಮೈಲುತುತ್ತದ ಸಲಹೆ ಇದ್ದರೆ, ಮುಂದೆ ಕಳಿಸುವ ಮುನ್ನ ಅದು ಬೇಡವೆಂದು ಒಂದು ಸಾಲು ಸೇರಿಸಿ.