ಹೂ ಬಿಡುವ ಮುಂಚೆಯೇ ಕೀಳಬೇಕಾದ ಗಿಡ

ಎರಡು ಹದ ಮಳೆ ಬಿದ್ದರೆ ಸಾಕು, ಖಾಲಿ ಸೈಟು, ರಸ್ತೆಬದಿ, ಹೊಲದ ಬದು ಎಲ್ಲೆಲ್ಲೂ ಕಾಂಗ್ರೆಸ್ ಗಿಡ. ಪುಸ್ತಕದ ಹೆಸರು ಪಾರ್ಥೇನಿಯಂ. ಮೂಲ ಮೆಕ್ಸಿಕೋ ಕೊಲ್ಲಿಯ ಸುತ್ತಲ ಸೀಮೆ. 1950ರ ದಶಕದ ನಡುವೆ ಪುಣೆಯಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ಗುರುತಿಸಿದರು. ಅಮೆರಿಕದಿಂದ ಬಂದ ಗೋಧಿಯ ಜೊತೆ ಬೀಜವೂ ಬಂತೆಂಬ ಮಾತು ಜನರ ಬಾಯಲ್ಲಿ ಉಳಿದಿದೆ. ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಹಾಗಾಗಿ ಕರ್ನಾಟಕಕ್ಕೆ ಹಬ್ಬಲು ತಡವಾಗಲಿಲ್ಲ. 1975ರಲ್ಲಿ ಸರ್ಕಾರ ಇದನ್ನು ಹಾನಿಕಾರಕ ಕಳೆ ಎಂದು ಘೋಷಿಸಿತು. ಘೋಷಣೆಯಿಂದ ಗಿಡ ಸಾಯುತ್ತದೆಯೇ?

ಆಮೇಲಿನ ಕತೆ ಈ ಗಿಡವನ್ನು ತಿನ್ನುವ ದುಂಬಿಯದು. 1983ರಲ್ಲಿ ಮೆಕ್ಸಿಕೋದಿಂದ ತರಿಸಿ, ಪರೀಕ್ಷಿಸಿ, ಮರುವರ್ಷ ಬೆಂಗಳೂರಿನಲ್ಲಿ ಬಿಟ್ಟರು. ಕೆನೆಬಣ್ಣದ ರೆಕ್ಕೆಯ ಮೇಲೆ ಕಂದು ಗೆರೆಗಳಿರುವ ಪುಟ್ಟ ಹುಳು. ಕೆಲವು ವರ್ಷಗಳಲ್ಲೇ ನಗರದ ಸುತ್ತಲ ಗಿಡಗಳನ್ನು ಬೋಳಿಸಿತು. ಅಷ್ಟರಲ್ಲಿ ಸೂರ್ಯಕಾಂತಿಯ ಎಲೆಯ ಮೇಲೂ ಕಂಡಿತು, ರೈತರು ಗಾಬರಿಯಾದರು. ಅವರ ಗಾಬರಿ ತಪ್ಪಲ್ಲ, ಬೆಳೆ ಅವರದ್ದು. ತನಿಖೆಗೆ ಸಮಿತಿಯೂ ಕೂತಿತು. ಕಾಂಗ್ರೆಸ್ ಗಿಡದ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಬಿದ್ದಾಗ ಹುಳು ಆ ಎಲೆಗೂ ಬಾಯಿ ಹಾಕುತ್ತದೆ ಎಂದು ಪ್ರಯೋಗದಲ್ಲಿ ತಿಳಿಯಿತು. ಸೂರ್ಯಕಾಂತಿಯನ್ನೇ ನಂಬಿ ಅದು ಸಂಸಾರ ಹೂಡಲಿಲ್ಲ.

ಆದರೂ ದುಂಬಿಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಬೇಸಿಗೆಯಲ್ಲಿ ಅದು ಮಣ್ಣಿನೊಳಗೆ ಮಲಗುತ್ತದೆ. ನೀರು ಸಿಕ್ಕಲ್ಲಿ ಗಿಡ ಮಾತ್ರ ಆಗಲೂ ಚಿಗುರುತ್ತದೆ.

ಹಾಗಾಗಿ ಕೀಳುವ ಕೆಲಸ ನಮ್ಮದೇ. ಗಿಡ ಎಳೆಯದಿದ್ದಾಗ ಎಲೆಗಳು ನೆಲಕ್ಕಂಟಿ ವೃತ್ತಾಕಾರವಾಗಿ ಹರಡಿರುತ್ತವೆ, ಗಜ್ಜರಿ ಸೊಪ್ಪಿನಂತೆ ಸೀಳು ಸೀಳು. ಮೊಳೆತ ಒಂದೂವರೆ ತಿಂಗಳೊಳಗೆ ಮೇಲೆದ್ದ ಕಾಂಡದ ತುದಿಯಲ್ಲಿ ಸಾಬೂದಾನಿಯಂಥ ಬಿಳಿ ಹೂ. ಅಷ್ಟರೊಳಗೆ, ನೆಲ ಹಸಿ ಇರುವಾಗ, ಬೇರುಸಹಿತ ಕೀಳಬೇಕು. ಹೂವಿಲ್ಲದ ಗಿಡ ಗೊಬ್ಬರದ ಗುಂಡಿಗೆ ಹಾಕಬಹುದು. ಬೀಜಗಟ್ಟಿದ್ದನ್ನು ಹಾಕಿದರೆ ಬೀಜ ಗೊಬ್ಬರದ ಜೊತೆ ಹೊಲ ಸೇರುತ್ತದೆ. ಕಿತ್ತ ಜಾಗ ಬರಿದಾಗಿ ಬಿಡದೆ ತಗಚೆಯನ್ನೋ ಚೆಂಡುಹೂವನ್ನೋ ಬಿತ್ತಿದರೆ ಮತ್ತೆ ಏಳುವುದು ಕಡಿಮೆ.

ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಇದರ ಸ್ಪರ್ಶದಿಂದ ಏಳುವ ತುರಿಕೆ ಕೆಲವರಿಗೆ ವರ್ಷಗಟ್ಟಲೆ ಬಿಡುವುದಿಲ್ಲ, ಪರಾಗ ಉಸಿರಾಟಕ್ಕೂ ತೊಂದರೆ. ಕೈಗವಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಈ ಮಳೆಗಾಲದಲ್ಲಿ ನಿಮ್ಮ ಮನೆಯ ಪಕ್ಕದ ಖಾಲಿ ಸೈಟಿನಿಂದಲೇ ಶುರು ಮಾಡಿ.