ಇಬ್ನೆ ಸಫಿ: ಸಾಹಿತಿಯೋ, ಬರೀ ಜಾಸೂಸಿ ಕತೆಗಾರರೋ?

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕೈಯಲ್ಲೊಂದು ಬಟ್ಟೆಯ ಚೀಲ. ಅವನ ತಂದೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದಷ್ಟು ಹಳೆಯ ಪುಸ್ತಕಗಳು ಸಿಕ್ಕಿದ್ದವು.

"ಉಸ್ತಾದ್, ಇವೆಲ್ಲ ಅಬ್ಬಾ ಓದುತ್ತಿದ್ದ ಉರ್ದು ಕಾದಂಬರಿಗಳಂತೆ. ಅಮ್ಮಿ ಯಾರಿಗೂ ಕೊಡಬೇಡ ಅನ್ನುತ್ತಾರೆ. ಚಾಚಾ ಮಾತ್ರ, ಇಂಥ ಜಾಸೂಸಿ ಪುಸ್ತಕಗಳು ಮಕ್ಕಳಿರುವ ಮನೆಯಲ್ಲಿ ಇರಬಾರದು, ರದ್ದಿಗೆ ಹಾಕು ಅನ್ನುತ್ತಾರೆ. ನನಗೋ ಉರ್ದು ಓದಲು ಬರುವುದಿಲ್ಲ. ಏನು ಮಾಡಲಿ?" ಎಂದು ಕೇಳಿದ.

ಚೀಲ ಬಿಚ್ಚಿ ನೋಡಿದೆ. ರಟ್ಟು ಹರಿದು, ಹಾಳೆ ಹಳದಿಗಟ್ಟಿದ್ದ ಹನ್ನೆರಡು ಪುಸ್ತಕಗಳು. ಎಲ್ಲದರ ಮೇಲೂ ಒಂದೇ ಹೆಸರು: ಇಬ್ನೆ ಸಫಿ.

ಓದುಗರೇ, ನಿಮ್ಮಲ್ಲಿ ಉರ್ದು ಬಲ್ಲ ಹಿರಿಯರಿದ್ದರೆ ಈ ಹೆಸರು ಕೇಳಿದ ಕೂಡಲೇ ಅವರ ಮುಖ ಅರಳೀತು. ಅಥವಾ ಹುಬ್ಬು ಗಂಟಿಕ್ಕೀತು. ಈ ಲೇಖಕರ ವಿಷಯದಲ್ಲಿ ನಡುವಿನ ಅಭಿಪ್ರಾಯ ಬಹಳ ಕಡಿಮೆ. ಒಂದು ಪಕ್ಷಕ್ಕೆ ಅವರು ಉರ್ದುವಿನ ಮಹಾನ್ ಲೇಖಕ. ಇನ್ನೊಂದು ಪಕ್ಷಕ್ಕೆ ಕಾಲಹರಣದ ಕತೆಗಾರ. ಯಾರ ಮಾತು ಸರಿ? ಆ ಚೀಲವನ್ನು ಹಿಡಿದು ಕುಳಿತಿದ್ದ ಯುವಕನಿಗೆ ಉತ್ತರ ಹೇಳಬೇಕಾಗಿದ್ದರಿಂದ ನಾನೂ ಈ ಪ್ರಶ್ನೆಯನ್ನು ಹೊಸದಾಗಿ ಯೋಚಿಸಬೇಕಾಯಿತು.

ಶಾಲಾ ಮಾಸ್ತರರ ಸವಾಲು

ಇಬ್ನೆ ಸಫಿಯವರ ನಿಜವಾದ ಹೆಸರು ಅಸ್ರಾರ್ ಅಹ್ಮದ್. 1928ರ ಜುಲೈ 26ರಂದು ಅಲಹಾಬಾದ್ ಜಿಲ್ಲೆಯ ನಾರಾ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಸಫಿಯುಲ್ಲಾ. ಸಫಿಯ ಮಗನಾದ್ದರಿಂದ ಇಬ್ನೆ ಸಫಿ. ಮೊದಲು ಅವರು ಕವಿ. ಹುಟ್ಟೂರಿನ ಹೆಸರನ್ನು ಸೇರಿಸಿಕೊಂಡು 'ಅಸ್ರಾರ್ ನಾರ್ವಿ' ಎಂಬ ಹೆಸರಿನಲ್ಲಿ ಗಝಲ್‌ಗಳನ್ನು ಬರೆಯುತ್ತಿದ್ದರು. 'ತುಗ್ರಲ್ ಫರ್ಗಾನ್' ಎಂಬ ಹೆಸರಿನಲ್ಲಿ ವಿಡಂಬನೆಗಳನ್ನೂ ಬರೆದರು. ಬಿ.ಎ. ಪದವಿ ಪಡೆದ ಅವರು ಅಲಹಾಬಾದಿನಲ್ಲಿ ಶಾಲಾ ಶಿಕ್ಷಕರಾಗಿದ್ದರು.

ಕವಿಯೊಬ್ಬರು ಪತ್ತೇದಾರಿ ಕಾದಂಬರಿಯ ಕಡೆಗೆ ತಿರುಗಿದ್ದು ಹೇಗೆ? ಅವರೇ ಬರೆದುಕೊಂಡಂತೆ, ಗೆಳೆಯರ ಕೂಟವೊಂದರಲ್ಲಿ ಚರ್ಚೆ ನಡೆದಿತ್ತು. ಉರ್ದುವಿನಲ್ಲಿ ಅಶ್ಲೀಲ ಕತೆಗಳಿಗೆ ಮಾತ್ರ ಮಾರುಕಟ್ಟೆಯಿದೆ, ಬೇರೇನೂ ಖರ್ಚಾಗುವುದಿಲ್ಲ ಎಂದು ಯಾರೋ ಹೇಳಿದರು. ಅಸ್ರಾರ್ ಇದನ್ನು ಒಪ್ಪಲಿಲ್ಲ. ಆ ಪ್ರವಾಹವನ್ನು ತಡೆಯಲು ಯಾರೂ ಪ್ರಯತ್ನಿಸಿಲ್ಲ ಅಷ್ಟೆ ಎಂಬುದು ಅವರ ವಾದ. ವಾದಿಸಿ ಸುಮ್ಮನಾಗಲಿಲ್ಲ, ಬರೆದು ತೋರಿಸಲು ಹೊರಟರು. 1952ರಲ್ಲಿ ಅಲಹಾಬಾದಿನ ಅಬ್ಬಾಸ್ ಹುಸೈನಿಯವರ ನಿಕ್‌ಹತ್ ಪ್ರಕಾಶನದಿಂದ 'ಜಾಸೂಸಿ ದುನಿಯಾ' ಮಾಸಿಕ ಮಾಲೆ ಶುರುವಾಯಿತು. ಮೊದಲ ಕಾದಂಬರಿ 'ದಿಲೇರ್ ಮುಜ್ರಿಮ್', ಅಂದರೆ ಧೈರ್ಯಶಾಲಿ ಅಪರಾಧಿ.

ಅದೇ ವರ್ಷ ಅವರು ಕರಾಚಿಗೆ ಹೋದರು. ಆದರೆ ಅಲಹಾಬಾದಿನ ನಂಟು ಕಡಿಯಲಿಲ್ಲ. ಅವರ ಕಾದಂಬರಿಗಳು ಎರಡೂ ದೇಶಗಳಲ್ಲಿ ಪ್ರಕಟವಾಗುತ್ತಿದ್ದವು. ಹಿಂದಿ ಅನುವಾದದಲ್ಲಿ ನಾಯಕ ಫರೀದಿ ವಿನೋದ್ ಆದ, ಇಮ್ರಾನ್ ರಾಜೇಶ್ ಆದ. ಗಡಿ, ಭಾಷೆ, ಧರ್ಮ ಯಾವುದೂ ಆ ಓದಿಗೆ ಅಡ್ಡಿಯಾಗಲಿಲ್ಲ. 1955ರಲ್ಲಿ 'ಇಮ್ರಾನ್ ಸೀರೀಸ್' ಎಂಬ ಎರಡನೆಯ ಮಾಲೆ ಆರಂಭವಾಯಿತು. 1980ರ ಜುಲೈ 26ರಂದು, ಹುಟ್ಟಿದ ದಿನದಂದೇ, 52ನೆಯ ವಯಸ್ಸಿನಲ್ಲಿ ಅವರು ಕರಾಚಿಯಲ್ಲಿ ನಿಧನರಾದಾಗ ಎರಡೂ ಮಾಲೆಗಳು ಸೇರಿ ಕಾದಂಬರಿಗಳ ಸಂಖ್ಯೆ 240ನ್ನು ದಾಟಿತ್ತು.

ಸಂಖ್ಯೆಯೇ ಅಪರಾಧವೇ?

ಮೊದಲ ಆಕ್ಷೇಪ ಇಲ್ಲಿಂದಲೇ ಶುರು. 28 ವರ್ಷಗಳಲ್ಲಿ 240ಕ್ಕೂ ಹೆಚ್ಚು! ಹೀಗೆ ಬರೆದದ್ದು ಸಾಹಿತ್ಯವಾದೀತೇ?

ಆಕ್ಷೇಪದಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳಲಾರೆ. ಒಂದರ ಹಿಂದೆ ಒಂದರಂತೆ ಹತ್ತು ಕಾದಂಬರಿ ಓದಿದರೆ ದೋಷಗಳು ಕಣ್ಣಿಗೆ ಬೀಳುತ್ತವೆ. ಕೆಲವು ಕತೆಗಳು ಅವಸರದಲ್ಲಿ ಮುಗಿಯುತ್ತವೆ. ಕೆಲವು ಕಡೆ ಆಕಸ್ಮಿಕಗಳೇ ಕತೆಯನ್ನು ನಡೆಸುತ್ತವೆ. ರಹಸ್ಯ ಯಂತ್ರಗಳು, ವೇಷ ಬದಲಾವಣೆಗಳು ಮತ್ತೆ ಮತ್ತೆ ಬರುತ್ತವೆ. ಮೊದಲ ಕಾದಂಬರಿಯೂ ಸೇರಿದಂತೆ ಕೆಲವು ಕೃತಿಗಳ ಕಥಾವಸ್ತುವನ್ನು ಇಂಗ್ಲಿಷ್ ಕಾದಂಬರಿಗಳಿಂದ ಪಡೆದಿದ್ದೂ ಉಂಟು. ಆದರೆ ಈ ಕೊನೆಯ ಸಂಗತಿಯನ್ನು ಹೊರಹಾಕಿದ್ದು ಯಾವ ವಿಮರ್ಶಕರೂ ಅಲ್ಲ, ಸ್ವತಃ ಇಬ್ನೆ ಸಫಿ. ಓದುಗರ ಮುಂದೆ ತಾವೇ ಒಪ್ಪಿಕೊಂಡರು. ಎರವಲು ತಂದದ್ದನ್ನು ಎರವಲು ಎಂದು ಹೇಳುವ ಪ್ರಾಮಾಣಿಕತೆ ಎಲ್ಲ ಲೇಖಕರಲ್ಲೂ ಇರುವುದಿಲ್ಲ.

ಆದರೆ ಹೆಚ್ಚು ಬರೆದವರೆಲ್ಲ ಹಗುರ, ಕಡಿಮೆ ಬರೆದವರೆಲ್ಲ ಘನ ಎಂಬ ಅಳತೆಗೋಲು ಎಲ್ಲಿಂದ ಬಂತು? ಲೇಖಕನನ್ನು ಅವನ ಉತ್ತಮ ಕೃತಿಗಳಿಂದ ಅಳೆಯಬೇಕಲ್ಲವೇ? ಕನ್ನಡದಲ್ಲೂ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಬರೆದು ನೂರಾರು ಕಾದಂಬರಿಗಳನ್ನು ಕೊಟ್ಟರು. ಆ ಕಾದಂಬರಿಗಳ ರುಚಿ ಹತ್ತಿ ಕನ್ನಡ ಓದುವ ಅಭ್ಯಾಸ ಬೆಳೆಸಿಕೊಂಡವರು ಎಷ್ಟು ಮಂದಿ! ಅವರು ಮುಂದೆ ಕಾರಂತರನ್ನೂ ಓದಿದರು, ಕುವೆಂಪು ಅವರನ್ನೂ ಓದಿದರು. ಮೊದಲ ಮೆಟ್ಟಿಲನ್ನು ಅಣಕಿಸಿ ಮಾಳಿಗೆ ಹತ್ತುವುದು ಸಾಧ್ಯವಿಲ್ಲ.

ಕೆಟ್ಟ ಹೆಸರು ಬಂದದ್ದು ಹೇಗೆ?

ಜಾಸೂಸಿ ಕಾದಂಬರಿ ಎಂದರೆ ಅರೆಬೆತ್ತಲೆ ಚಿತ್ರದ ರಟ್ಟು, ಒಳಗೆ ಹೊಲಸು ಎಂದು ಅನೇಕರು ಭಾವಿಸಿದ್ದಾರೆ. ಈ ಭಾವನೆ ತೀರಾ ಆಧಾರವಿಲ್ಲದ್ದೇನೂ ಅಲ್ಲ, ಅಂಥ ಪುಸ್ತಕಗಳು ಮಾರುಕಟ್ಟೆಯಲ್ಲಿ ಸಾಕಷ್ಟಿದ್ದವು. ಆದರೆ ಅವು ಇಬ್ನೆ ಸಫಿಯವರವಲ್ಲ. 1960ರಿಂದ 1963ರ ತನಕ ಅವರು ತೀವ್ರ ಮಾನಸಿಕ ಕಾಯಿಲೆಗೆ ತುತ್ತಾಗಿ ಬರೆಯಲಾಗದೆ ಉಳಿದರು. ಆ ದಿನಗಳಲ್ಲಿ ಅವರದೇ ಹೆಸರನ್ನು ಹೋಲುವ ಹೆಸರುಗಳಲ್ಲಿ, ಅವರದೇ ಪಾತ್ರಗಳನ್ನು ಇಟ್ಟುಕೊಂಡು ನಕಲಿ ಕಾದಂಬರಿಗಳು ಬಂದವು. ಅವಸರದಲ್ಲಿ ಪುಸ್ತಕ ಎತ್ತಿಕೊಂಡ ಓದುಗನಿಗೆ ಅಸಲಿ ಯಾವುದು, ನಕಲಿ ಯಾವುದು ಎಂಬುದು ಮನೆಗೆ ಬಂದ ಮೇಲೆಯೇ ಗೊತ್ತಾಗುತ್ತಿತ್ತು. ಓದದವನಿಗೆ ಅದೂ ಗೊತ್ತಾಗುತ್ತಿರಲಿಲ್ಲ. ಅವರು ಬರೆಯದ ಪುಸ್ತಕಗಳ ಅಪವಾದವೂ ಅವರ ತಲೆಯ ಮೇಲೆಯೇ ಬಿತ್ತು.

1963ರಲ್ಲಿ 'ಡೇಢ್ ಮತ್ವಾಲೇ' ಕಾದಂಬರಿಯೊಂದಿಗೆ ಅವರು ಮರಳಿ ಬಂದಾಗ ಜನ ಮುಗಿಬಿದ್ದು ಕೊಂಡರು. ಅಂಥ ಕಾಯಿಲೆಯಿಂದ ಎದ್ದು ಬಂದು ನಗಿಸುವ ಪುಸ್ತಕ ಬರೆಯುವುದು ಸಾಮಾನ್ಯ ಮಾತಲ್ಲ.

ಇನ್ನು ಅವರ ಪಾತ್ರಗಳನ್ನು ನೋಡಿ. ಕರ್ನಲ್ ಫರೀದಿ ಶ್ರೀಮಂತ, ವಿದ್ಯಾವಂತ. ಆದರೆ ಕುಡಿಯುವುದಿಲ್ಲ, ಹೆಣ್ಣುಗಳ ಹಿಂದೆ ಅಲೆಯುವುದಿಲ್ಲ. ಅಪರಾಧಿ ಎಷ್ಟೇ ದೊಡ್ಡ ಮನುಷ್ಯನಾದರೂ ಬಿಡುವುದಿಲ್ಲ. ಅವನ ಸಹಾಯಕ ಹಮೀದ್ ತುಂಟ, ಮಾತಿನ ಮಲ್ಲ. ಮೇಕೆಯನ್ನು ಸಾಕಿಕೊಂಡು ನಗರವೆಲ್ಲ ತಿರುಗುವವನು. ಇಮ್ರಾನ್ ಆಕ್ಸ್‌ಫರ್ಡಿನಿಂದ ಡಾಕ್ಟರೇಟ್ ಪಡೆದು ಬಂದರೂ ಜಗತ್ತಿನ ಮುಂದೆ ಪೆದ್ದನಂತೆ ನಟಿಸುತ್ತಾನೆ. ಗುಪ್ತಚರ ದಳದ ಮುಖ್ಯಸ್ಥ ಅವನೇ ಎಂಬುದು ಅವನ ಕೈಕೆಳಗಿನವರಿಗೇ ಗೊತ್ತಿರುವುದಿಲ್ಲ. ಇವನೊಂದಿಗೆ ಜಗಳವಾಡುತ್ತಲೇ ಅಡುಗೆ ಮಾಡುವ ಸುಲೇಮಾನ್ ಬೇರೆ! ಕಾನೂನಿನ ಬಗ್ಗೆ ಗೌರವ ಮೂಡಿಸುವುದೇ ತಮ್ಮ ಉದ್ದೇಶವೆಂದು ಇಬ್ನೆ ಸಫಿ ಬರೆದಿದ್ದಾರೆ. ಆದರೆ ಅದನ್ನು ಉಪದೇಶ ಮಾಡಲಿಲ್ಲ. ನಗಿಸುತ್ತ, ಕುತೂಹಲ ಕೆರಳಿಸುತ್ತ ಮನಸ್ಸಿಗೆ ಇಳಿಸಿದರು.

ಅಭಿಮಾನಿಗಳ ತಪ್ಪು

ಇಲ್ಲಿ ಅಭಿಮಾನಿಗಳಿಗೂ ಒಂದು ಮಾತು ಹೇಳಬೇಕು. ವಿಮರ್ಶಕರು ನಿರ್ಲಕ್ಷಿಸಿದರೆಂಬ ನೋವಿನಲ್ಲಿ ಇವರು ಲೇಖಕರ ಸುತ್ತ ದಂತಕಥೆಗಳ ಕೋಟೆ ಕಟ್ಟಿದ್ದಾರೆ. ಅಗಾಥಾ ಕ್ರಿಸ್ಟಿ ಇವರನ್ನು ಹೊಗಳಿದ್ದರಂತೆ, ಗುಪ್ತಚರರು ಇವರ ಬಳಿ ಪಾಠ ಕೇಳಿದರಂತೆ, ಮುಂದೆ ಬರಲಿದ್ದ ಯಂತ್ರಗಳನ್ನೆಲ್ಲ ಇವರು ಮೊದಲೇ ಬರೆದಿಟ್ಟಿದ್ದರಂತೆ. ಈ 'ಅಂತೆ'ಗಳನ್ನು ಬದಿಗಿಡೋಣ. ಇಂಥ ಪ್ರಮಾಣಪತ್ರ ಹುಡುಕುವವನು ತನ್ನ ಪ್ರಿಯ ಲೇಖಕನ ಪುಸ್ತಕದ ಮೇಲೆ ತನಗೇ ನಂಬಿಕೆಯಿಲ್ಲವೆಂದು ಒಪ್ಪಿಕೊಂಡಂತೆ.

ದಾಖಲೆಯಿರುವ ಸಂಗತಿಯೇ ಸಾಕಷ್ಟು ದೊಡ್ಡದಿದೆ. ಶಂಸುರ್ರಹ್ಮಾನ್ ಫಾರೂಕಿ ಎಂದರೆ ನಮ್ಮ ಕಾಲದ ಉರ್ದು ವಿಮರ್ಶೆಯ ಅತಿ ದೊಡ್ಡ ಹೆಸರುಗಳಲ್ಲೊಂದು. ಮೀರ್ ತಖಿ ಮೀರರ ಕಾವ್ಯದ ಬಗ್ಗೆ ನಾಲ್ಕು ಸಂಪುಟಗಳ ಗ್ರಂಥ ಬರೆದು 1996ರ ಸರಸ್ವತಿ ಸಮ್ಮಾನ್ ಪಡೆದವರು. 2020ರಲ್ಲಿ ತೀರಿಕೊಂಡ ಈ ವಿದ್ವಾಂಸರು ಇಬ್ನೆ ಸಫಿಯವರ ನಾಲ್ಕು ಕಾದಂಬರಿಗಳನ್ನು ಸ್ವತಃ ಇಂಗ್ಲಿಷಿಗೆ ಅನುವಾದಿಸಿದರು. ಚೆನ್ನೈನ ಪ್ರಕಾಶನವೊಂದು 2011ರಲ್ಲಿ ಅವನ್ನು ಪ್ರಕಟಿಸಿತು. ಮೀರರನ್ನು ತೂಗಿದ ತಕ್ಕಡಿ ಹಿಡಿದವರು ತಮ್ಮ ಮುಪ್ಪಿನ ಸಮಯವನ್ನು ಈ 'ಕಾಲಹರಣದ' ಪುಸ್ತಕಗಳಿಗೆ ಕೊಟ್ಟರು. ಅದಕ್ಕೂ ಒಂದು ವರ್ಷ ಮೊದಲೇ ಇಮ್ರಾನ್ ಸೀರೀಸಿನ ಮೊದಲ ಕಾದಂಬರಿ 'ಖೌಫ್ನಾಕ್ ಇಮಾರತ್' ಕೂಡ ಇಂಗ್ಲಿಷಿಗೆ ಬಂದಿತ್ತು. ಲೇಖಕರು ತೀರಿಕೊಂಡು ಮೂವತ್ತು ವರ್ಷಗಳಾದ ಮೇಲೆ!

ಅದೂ ಹೋಗಲಿ. ಇಬ್ನೆ ಸಫಿ ಮೀರ್ ಆಗಬೇಕಾಗಿಲ್ಲ, ಮಂಟೋ ಆಗಬೇಕಾಗಿಲ್ಲ. ಮನುಷ್ಯನ ಮನದಾಳಕ್ಕೆ ಇಳಿಯುವ ಕೆಲಸವನ್ನು ಅವರು ಕೈಗೆತ್ತಿಕೊಳ್ಳಲೇ ಇಲ್ಲ. ದುಡಿದು ದಣಿದು ಬಂದವನಿಗೆ ಎರಡು ಗಂಟೆಯ ಶುದ್ಧವಾದ ಓದು ಕೊಡುವುದು ಅವರು ಒಪ್ಪಿಕೊಂಡ ಕೆಲಸ. ಅದನ್ನು ಅಚ್ಚುಕಟ್ಟಾದ, ಲವಲವಿಕೆಯ ಉರ್ದುವಿನಲ್ಲಿ ಮಾಡಿದರು. ಒಬ್ಬ ಲೇಖಕನನ್ನು ಅವನು ಒಪ್ಪಿಕೊಂಡ ಕೆಲಸದಿಂದ ಅಳೆಯುವುದು ನ್ಯಾಯ.

ನಾನು ಕಿತ್ತುಕೊಂಡ ಪುಸ್ತಕ

ಈಗ ನನ್ನ ಕತೆಯನ್ನೂ ಹೇಳಿಬಿಡುತ್ತೇನೆ. ಮದ್ರಸಾದಲ್ಲಿ ಓದುತ್ತಿದ್ದಾಗ ನನಗೆ ಅರಬಿ ವ್ಯಾಕರಣ ಕಲಿಸಿದವರು ಉಸ್ತಾದರು. ಉರ್ದು ವಾಕ್ಯ ಹೇಗೆ ಹರಿಯಬೇಕು ಎಂಬುದನ್ನು ಮಾತ್ರ ನಾನು ಕಲಿತದ್ದು ಇಶಾ ನಮಾಝಿನ ನಂತರ ಹೊದಿಕೆಯೊಳಗೆ ಟಾರ್ಚ್ ಹಿಡಿದು ಓದಿದ ಇಬ್ನೆ ಸಫಿಯಿಂದ. ಒಂದು ರಾತ್ರಿ ಸಿಕ್ಕಿಬಿದ್ದೆ. ಪುಸ್ತಕವೂ ಹೋಯಿತು, ಕೆನ್ನೆಗೆ ಏಟೂ ಬಿತ್ತು. ಬೆಳಗಿನ ಪಾಠದಲ್ಲಿ ತೂಕಡಿಸುತ್ತಿದ್ದ ನನಗೆ ಆ ಶಿಕ್ಷೆ ಸರಿಯಾಗಿಯೇ ಇತ್ತು. ಪಾಠ ಬಿಟ್ಟು ಕತೆ ಓದುವುದು ತಪ್ಪೇ.

ಆದರೆ ಮುಂದೆ ನಾನು ಶಿಕ್ಷಕನಾದ ಮೇಲೆ ಮಾಡಿದ್ದೇನು ಗೊತ್ತೇ? ಮಧ್ಯಾಹ್ನದ ಬಿಡುವಿನಲ್ಲಿ ಮರದ ಕೆಳಗೆ ಕುಳಿತು ಕನ್ನಡದ ಪತ್ತೇದಾರಿ ಕಾದಂಬರಿ ಓದುತ್ತಿದ್ದ ಹುಡುಗನ ಕೈಯಿಂದ ಪುಸ್ತಕ ಕಿತ್ತುಕೊಂಡೆ. ಅದು ಪಾಠದ ಸಮಯವಲ್ಲ. ಪುಸ್ತಕವನ್ನು ತೆರೆದೂ ನೋಡಲಿಲ್ಲ. ರಟ್ಟು ನೋಡಿ ತೀರ್ಪು ಕೊಟ್ಟೆ. ಆ ಹುಡುಗ ಆಮೇಲೆ ನನ್ನ ಕಣ್ಣೆದುರು ಯಾವ ಪುಸ್ತಕವನ್ನೂ ಹಿಡಿಯಲಿಲ್ಲ. ಆ ನೆನಪು ಇಂದಿಗೂ ಚುಚ್ಚುತ್ತದೆ. ನನ್ನ ಭಾಷೆ ಬೆಳೆದದ್ದು ಯಾವ ಬಗೆಯ ಪುಸ್ತಕದಿಂದಲೋ ಅದನ್ನೇ ಇನ್ನೊಬ್ಬನ ಕೈಯಿಂದ ಕಸಿದಿದ್ದೆ.

ಹಾಗಂತ ಮಕ್ಕಳ ಕೈಗೆ ಏನು ಬೇಕಾದರೂ ಕೊಡಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳು ಏನು ಓದುತ್ತಾರೆ, ಏನು ನೋಡುತ್ತಾರೆ ಎಂಬುದನ್ನು ಗಮನಿಸುವುದು ತಂದೆತಾಯಿಯ ಹೊಣೆ. ಆದರೆ ಗಮನಿಸುವುದೆಂದರೆ ಮೊದಲು ತಾವು ಓದುವುದು. ಓದದೆ ಹೊಗಳುವುದೂ, ಓದದೆ ಬಯ್ಯುವುದೂ ಎರಡೂ ಸುಳ್ಳು ಸಾಕ್ಷಿಯೇ. ಇಡೀ ದಿನ ಮೊಬೈಲಿನಲ್ಲಿ ಮುಳುಗಿರುವ ಮಗುವನ್ನು ಸುಮ್ಮನೆ ಬಿಟ್ಟು, ಅಟ್ಟದ ಮೇಲಿನ ಹಳೆಯ ಕಾದಂಬರಿಗೆ ಹೆದರುವ ನಮ್ಮನ್ನು ನೋಡಿದರೆ ಇಮ್ರಾನನಿಗೂ ನಗು ಬಂದೀತು.

ಆ ಯುವಕನಿಗೆ ನಾನು ಹೇಳಿದ್ದು ಇಷ್ಟೇ: "ಚಾಚಾ ಹೇಳಿದರೆಂದು ಎಸೆಯಬೇಡ. ನಾನು ಹೇಳಿದೆನೆಂದು ಇಟ್ಟುಕೊಳ್ಳಲೂ ಬೇಡ. ಅಮ್ಮಿಗೆ ಉರ್ದು ಬರುತ್ತದಲ್ಲ, ಒಂದು ಪುಸ್ತಕವನ್ನು ಅವರಿಂದ ಓದಿಸಿ ಕೇಳು. ಆಮೇಲೆ ತೀರ್ಮಾನ ಮಾಡು."

ಮೂರು ವಾರದ ಬಳಿಕ ಅವನ ಫೋನು ಬಂತು. ರಾತ್ರಿ ಊಟವಾದ ಮೇಲೆ ಅಮ್ಮಿ ನಾಲ್ಕು ಪುಟ ಓದುತ್ತಾರಂತೆ. ತಂದೆ ತೀರಿಕೊಂಡ ಮೇಲೆ ಮೌನವಾಗಿದ್ದ ಅವರು ಹಮೀದನ ಮಾತುಗಳನ್ನು ಓದುವಾಗ ನಗುತ್ತಾರಂತೆ. "ಇದೇ ಜಾಗದಲ್ಲಿ ನಿನ್ನ ಅಬ್ಬಾನೂ ನಗುತ್ತಿದ್ದರು" ಎಂದರಂತೆ. ಮುಂದೇನಾಯಿತು ಎಂದು ತಿಳಿಯುವ ತವಕದಲ್ಲಿ ಅವನ ಎಂಟು ವರ್ಷದ ಮಗಳು ಅಜ್ಜಿಯ ಬಳಿ ಅಲಿಫ್, ಬೇ ಕಲಿಯಲು ಶುರುಮಾಡಿದ್ದಾಳಂತೆ.

ಇಬ್ನೆ ಸಫಿ ದೊಡ್ಡ ಸಾಹಿತಿಯೋ ಅಲ್ಲವೋ ಎಂಬ ಚರ್ಚೆಯನ್ನು ವಿದ್ವಾಂಸರು ಮುಂದುವರಿಸಲಿ. ನಿಮ್ಮ ಮನೆಯ ಅಟ್ಟದಲ್ಲೂ ಅಂಥದೊಂದು ಟ್ರಂಕು ಇದ್ದರೆ, ರದ್ದಿಯವನನ್ನು ಕರೆಯುವ ಮೊದಲು ಒಮ್ಮೆ ತೆರೆದು ನೋಡಿ. ಒಂದು ಪುಸ್ತಕವನ್ನಾದರೂ ಪೂರ್ತಿ ಓದಿ. ತೀರ್ಪು ಆಮೇಲೆ ಕೊಡಿ.